ಗಂಜಿಯ ಪಿಷ್ಟ, ಆಲೂಗಡ್ಡೆಯ ಪಿಷ್ಟ

ಮೂಡುಬಿದಿರೆಯ ಪಕ್ಕದ ಪುತ್ತಿಗೆ ಆಲೂಗಡ್ಡೆಯ ಊರಲ್ಲ. ಗೆಡ್ಡೆ ಕಟ್ಟಲು ತಂಪಾದ ರಾತ್ರಿಗಳು ಬೇಕು. ಕರಾವಳಿಯ ಸೆಕೆಯಲ್ಲಿ ಅದು ಸಿಗದು. ಹಾಸನದ ಆಲೂಗಡ್ಡೆ ಘಟ್ಟ ಇಳಿದೇ ಬರಬೇಕು. ಇಲ್ಲಿನ ಪಿಷ್ಟ ಕುಚಲಕ್ಕಿಯದು, ಹೆಚ್ಚಿನ ಗದ್ದೆಗಳಲ್ಲಿ ಎಂಒ-4 ಭತ್ತದ್ದು. ಆದರೂ ಅನ್ನ ಉದುರುದುರಾಗಬೇಕೋ ಅಂಟಬೇಕೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಜೀನ್‌ನ ಬಂಧುವೇ ಆಲೂಗಡ್ಡೆಯಲ್ಲೂ ಇದೆ.

ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ. ಅಮೈಲೋಸ್ ಹೆಚ್ಚುಕಡಿಮೆ ಕವಲಿಲ್ಲದ ಉದ್ದ ಸರಪಣಿ, ಅಮೈಲೊಪೆಕ್ಟಿನ್ ಕವಲೊಡೆದದ್ದು. ಆಲೂಗಡ್ಡೆಯಲ್ಲಿ ಅಮೈಲೋಸ್ ಸುಮಾರು ಐದನೇ ಒಂದು ಭಾಗ. ಅದನ್ನು ಕಟ್ಟುವ ಕಿಣ್ವದ ಜೀನ್ ಕೆಟ್ಟರೆ ಅಮೈಲೋಸ್ ಇಲ್ಲವಾಗುತ್ತದೆ. ಅಸ್ಸಾಮಿನ ಅಂಟು ಬೋರಾ ಅಕ್ಕಿ ಹೀಗೆಯೇ ಆದದ್ದು.

ಭತ್ತದಲ್ಲಿ ಈ ಜೀನ್‌ಗೆ ಎರಡೇ ಪ್ರತಿ. ಆಲೂಗಡ್ಡೆಯ 48 ಕ್ರೋಮೋಸೋಮುಗಳು ನಾಲ್ಕು ಗುಂಪುಗಳಾಗಿ ಬರುವುದರಿಂದ ಪ್ರತಿ ನಾಲ್ಕು. ಒಂದು ಉಳಿದರೂ ಅಮೈಲೋಸ್ ತಯಾರಾಗುತ್ತದೆ. ಡಚ್ ವಿಜ್ಞಾನಿಗಳು ಇದಕ್ಕೊಂದು ಚೆಂದದ ದಾರಿ ಹುಡುಕಿದರು. ಕೇವಲ 12 ಕ್ರೋಮೋಸೋಮುಗಳು, ಅಂದರೆ ಈ ಜೀನ್‌ನ ಒಂದೇ ಪ್ರತಿ ಇರುವ ಆಲೂಗಿಡದ ಎಲೆತುಣುಕುಗಳಿಗೆ ಎಕ್ಸ್‌ರೇ ಹಾಯಿಸಿ, ಅವುಗಳಿಂದ ಬೆಳೆಸಿದ ಗಿಡಗಳ ಪುಟ್ಟ ಗೆಡ್ಡೆಗಳಿಗೆ ಅಯೋಡಿನ್ ಹಚ್ಚುತ್ತ ಹೋದರು. ಅಮೈಲೋಸ್ ಇದ್ದರೆ ಕಡುನೀಲಿ, ಇಲ್ಲದಿದ್ದರೆ ಕೆಂಗಂದು. ಹಾಗೆ ಕೆಂಗಂದಾಗಿ ಸಿಕ್ಕಿದ ಗೆಡ್ಡೆಯ ವರದಿ 1987ರಲ್ಲಿ ಬಂತು. ಇಂತಹ ಪಿಷ್ಟದ ಸರಿ ತಿಳಿಯಾಗಿರುತ್ತದೆ, ತಣಿದರೂ ಗಟ್ಟಿ ಕಟ್ಟದು. ಕಾಗದಕ್ಕೂ ಅಂಟಿಗೂ ಅದು ಬೇಕು. ಇದೇ ಉದ್ದೇಶಕ್ಕೆ ಬಿಎಎಸ್ಎಫ್ ಕಂಪನಿ ರೂಪಿಸಿದ ಕುಲಾಂತರಿ ಆಲೂಗಡ್ಡೆ ಆಮ್ಫ್ಲೋರಾಕ್ಕೆ ಯುರೋಪ್ 2010ರಲ್ಲಿ ಅನುಮತಿ ಕೊಟ್ಟಿತು. ಜನರ ವಿರೋಧದ ನಡುವೆ 2012ರಲ್ಲಿ ಕಂಪನಿಯೇ ಹಿಂದೆ ಸರಿಯಿತು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಳಸಿ ನಾಲ್ಕೂ ಪ್ರತಿಗಳನ್ನು ಒಮ್ಮೆಗೇ ಕೆಡಿಸಿದ್ದನ್ನು ತೋರಿಸಿದರು.

ನನಗೆ ಹೆಚ್ಚು ಮುಖ್ಯವೆನಿಸುವುದು ಇದರ ಎದುರು ದಿಕ್ಕಿನ ಕೆಲಸ. ಕವಲು ಹಾಕುವ ಕಿಣ್ವಗಳನ್ನು ತಗ್ಗಿಸಿದರೆ ಅಮೈಲೋಸ್ ಏರುತ್ತದೆ. ಅಂಥ ಪಿಷ್ಟದ ಒಂದಷ್ಟು ಭಾಗ ಜೀರ್ಣವಾಗದೆ ದೊಡ್ಡಕರುಳು ತಲುಪಿ ಅಲ್ಲಿನ ಬ್ಯಾಕ್ಟೀರಿಯಾಗಳ ಆಹಾರವಾಗುತ್ತದೆ. ರಕ್ತದ ಸಕ್ಕರೆಯೂ ನಿಧಾನ ಏರುತ್ತದೆ. ಕುಚಲಕ್ಕಿಗಾಗಿ ಭತ್ತ ಬೇಯಿಸಿ ಒಣಗಿಸುವಾಗ, ಗಂಜಿ ತಂಗಳಾಗುವಾಗ, ಅಮೈಲೋಸ್ ಸರಪಣಿಗಳು ಮತ್ತೆ ಒತ್ತೊತ್ತಾಗಿ ಕೂಡಿಕೊಂಡು ಇಂತಹದೇ ಬಿಗಿಯಾದ ಪಿಷ್ಟ ಸ್ವಲ್ಪ ಉಂಟಾಗುತ್ತದೆ. ಸಕ್ಕರೆ ಕಾಯಿಲೆ ಮನೆಮನೆಗೆ ಬಂದಿರುವಾಗ ಹೀಗೆ ಬದಲಿಸಿದ ಆಲೂಗಡ್ಡೆಯಲ್ಲಿ ಈ ಗುಣ ಹುಟ್ಟಿನಿಂದಲೇ ಇರುವುದು ಸಣ್ಣ ಮಾತಲ್ಲ. ಆದರೆ ಅಮೈಲೋಸ್ ಏರಿದಾಗ ಗೆಡ್ಡೆಯಲ್ಲಿ ಒಟ್ಟು ಪಿಷ್ಟ ಕುಗ್ಗುತ್ತದೆ. ಹಾಸನದ ರೈತರಿಗೆ ಇನ್ನೂ ದೊಡ್ಡ ಚಿಂತೆ ಬೇರೆ ಇದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿಯನ್ನೇ ಅವರು ದಶಕಗಳಿಂದ ನೆಚ್ಚಿದ್ದಾರೆ, ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು, ಮುಂಗಾರಿನಲ್ಲಿ ಅಂಗಮಾರಿ ರೋಗ ಬಂದರೆ ಹೊಲವೇ ಕಪ್ಪಾಗುತ್ತದೆ. ಪಿಷ್ಟ ಬದಲಿಸಿದ ತಳಿ ಮೊದಲು ಈ ಅಂಗಮಾರಿಯನ್ನು ತಾಳಬೇಕು.