ಮಂಕಾದ ಕಾರಿಗೆ ಮರಳಿ ಮೆರುಗು

ನಮ್ಮ ಮಾವನವರು ಬಿಟ್ಟುಹೋದುದರಲ್ಲಿ ನನ್ನ ಪಾಲಿಗೆ ಬಂದವು ಎರಡು ಬೀರು ತುಂಬ ಪುಸ್ತಕಗಳು ಮತ್ತು 1984ರ ಒಂದು ಪ್ರೀಮಿಯರ್ ಪದ್ಮಿನಿ ಕಾರು. ಪುಸ್ತಕಗಳೊಡನೆ ನನಗೆ ಅಷ್ಟಿಷ್ಟು ಬಳಕೆಯುಂಟು. ಕಾರಿನ ಮಟ್ಟಿಗೆ ನಾನು ಶುದ್ಧ ನಿರಕ್ಷರಕುಕ್ಷಿ. ಚಿತ್ತೋಡದ ರಾಣಿಯ ಹೆಸರು ಹೊತ್ತ ಈ ಕಾರುಗಳ ತಯಾರಿಕೆ 2001ರ ಸುಮಾರಿಗೇ ನಿಂತುಹೋಯಿತು. ನಮ್ಮದು ಮಾತ್ರ ಮಾವನವರು ಕಾಲವಾದ ಮೇಲೆ ಎರಡು ವರ್ಷ, ಮೈಸೂರಿನ ಮನೆಯ ಅಂಗಳದಲ್ಲಿ ಹೊಂಗೆಯ ಮರದ ಅರೆನೆರಳಿನಲ್ಲಿ, ಬಿಸಿಲಿಗೂ ಮಳೆಗೂ ಹಕ್ಕಿಗಳಿಗೂ ಮೈಯೊಡ್ಡಿ ನಿಂತೇ ಇತ್ತು. ಅದರ ಕಡುನೀಲಿ ಬೂದಿ ಬಳಿದಂತೆ ಬಿಳಿಚಿಕೊಂಡಿತ್ತು. ಕೈಯಾಡಿಸಿದರೆ ಬೆರಳಿಗೆ ಸೀಮೆಸುಣ್ಣದಂಥ ಪುಡಿ ಅಂಟುತ್ತಿತ್ತು. ಅಧ್ಯಾಪಕನಾದ ನನಗೆ ಅದೊಂದು ಅಪರಿಚಿತ ಅನುಭವವೇನೂ ಅಲ್ಲವೆನ್ನಿ!

ಮಹಾನವಮಿಗೆ ಇನ್ನು ಹದಿನೈದು ದಿನಗಳಿರುವಾಗ ಅತ್ತೆಯವರು ಕಾಫಿ ಲೋಟವನ್ನು ಮುಂದಿಡುತ್ತ, “ಈ ಸಲ ಆಯುಧಪೂಜೆಗೆ ಗಾಡಿ ಹೊಳೀಬೇಕು ನೋಡಿ. ಅವರಿದ್ದಷ್ಟು ದಿನ ಒಂದು ವರ್ಷವೂ ತಪ್ಪಿಸಿದವರಲ್ಲ” ಎಂದರು. ಹಬ್ಬದ ಮುನ್ನಾದಿನ ಮಾವನವರು ಅಂಗಿಯ ತೋಳು ಮಡಿಸಿ, ಪಾಲಿಷಿನ ಡಬ್ಬಿ ಹಿಡಿದು ಕೂತರೆ ಮಧ್ಯಾಹ್ನದ ಊಟಕ್ಕೂ ಏಳುತ್ತಿರಲಿಲ್ಲವಂತೆ. ಮನೆಯ ಮಕ್ಕಳಿಗೂ ಆ ಕೆಲಸದಲ್ಲಿ ಪಾಲು ಕೊಟ್ಟವರಲ್ಲ. ಹೀಗಿರಲು ಅಳಿಯನಾದವನು ಇಲ್ಲವೆನ್ನುವುದು ಹೇಗೆ?

ಬಣ್ಣ ಮಂಕಾಗುವುದೆಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಮೇಲು. ಕಾರಿನ ಬಣ್ಣದಲ್ಲಿ ರಂಗಿನ ಪುಡಿಯೂ ಅದನ್ನು ಹಿಡಿದಿಡುವ ರಾಳದಂಥ ಬಂಧಕವೂ ಇರುತ್ತವೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು, ಗಾಳಿಯ ಆಮ್ಲಜನಕದೊಡನೆ ಸೇರಿ, ಆ ಬಂಧಕವನ್ನು ಮೇಲಿನಿಂದ ಒಡೆಯುತ್ತ ಬರುತ್ತವೆ. ಆಗ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಒರಟಾಗುತ್ತದೆ. ಗಾಳಿಯಿಲ್ಲದ ಮುಂಜಾನೆ ಕುಕ್ಕರಹಳ್ಳಿಯ ಕೆರೆಯಲ್ಲಿ ದಡದ ಮರಗಳು ಕಡೆದಿಟ್ಟಂತೆ ಮೂಡಿರುತ್ತವೆ. ತುಸು ಗಾಳಿ ಬೀಸಿ ನೀರು ಸುಕ್ಕುಗಟ್ಟಿತೋ, ಮರವೂ ಇಲ್ಲ, ಆಕಾಶವೂ ಇಲ್ಲ, ಬರಿಯ ಬೆಳ್ಳನೆಯ ಮಿಣುಕು. ಕಾರಿನ ಮೈಯಲ್ಲಿ ನಡೆಯುವುದೂ ಇದೇ. ಬೆಳಕು ಒಂದೇ ದಿಕ್ಕಿಗೆ ಮರಳದೆ ಚೆದರಿಹೋಗುತ್ತದೆ.

ಆದಕಾರಣ ಕಾರನ್ನು ಒದ್ದೆ ಮಾಡಿ ನೋಡುವುದು ಮೊದಲ ಪರೀಕ್ಷೆ. ನೀರು ತಗ್ಗುಗಳನ್ನು ತುಂಬಿದೊಡನೆ ಹಳೆಯ ಹೊಳಪು ಕ್ಷಣಕಾಲ ಕಂಡಿತಾದರೆ ಬಣ್ಣದಲ್ಲಿ ಇನ್ನೂ ಜೀವವಿರಬಹುದೆಂದು ತಿಳಿಯಬೇಕು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಮುಂತಾದ ಮನೆಮದ್ದುಗಳ ಗುಟ್ಟೂ ಇಷ್ಟೇ. ತಗ್ಗು ತುಂಬುತ್ತದೆ, ಎರಡು ದಿನ ಹೊಳೆಯುತ್ತದೆ, ಮೂರನೆಯ ದಿನ ಬೀದಿಯ ಧೂಳೆಲ್ಲ ಬಂದು ಕೂರುತ್ತದೆ.

ತೊಳೆಯುವುದರಲ್ಲಿ ಏನಿದೆ ಎನ್ನಬೇಡಿ. ಬಣ್ಣದ ಮೇಲೆ ಕೂದಲೆಳೆಯಂಥ ಗೀರುಗಳು ಬಹುಮಟ್ಟಿಗೆ ಹುಟ್ಟುವುದು ಅಲ್ಲಿಯೇ. ಒಣಗಿದ ಧೂಳನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಮರಳಿನಿಂದ ಉಜ್ಜಿದಂತೆ. ಎರಡು ಬಕೆಟ್ ಇರಲಿ, ಒಂದರಲ್ಲಿ ಕಾರಿಗೆಂದೇ ಸಿಗುವ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಬಟ್ಟೆ ತೊಳೆಯುವ ಸೋಪಿನ ಪುಡಿ ಬೇಡ. ಮೇಲಿನಿಂದ ಕೆಳಕ್ಕೆ ಬನ್ನಿ. ಹೆಚ್ಚು ಕೊಳೆಯಿರುವುದು ಕೆಳಗಡೆಯೇ. ಹಕ್ಕಿಯ ಹಿಕ್ಕೆಯನ್ನು ಉಗುರಿನಿಂದ ಕೆರೆಯದೆ, ಒದ್ದೆಬಟ್ಟೆ ಹಾಕಿ ನೆನೆಯಗೊಟ್ಟು ಮೆಲ್ಲನೆ ಎತ್ತಬೇಕು. ಬೋರ್‌ವೆಲ್ ನೀರಾದರೆ ಮೈಮೇಲೆ ಆರಗೊಡದೆ ಕೂಡಲೇ ಒರೆಸಬೇಕು, ಇಲ್ಲವಾದರೆ ಸುಣ್ಣದ ಕಲೆ ನಿಲ್ಲುತ್ತದೆ.

ಮುಂದಿನದು ಪಾಲಿಷು. ನೆರಳಿನಲ್ಲಿ, ಲೋಹ ತಣ್ಣಗಿರುವಾಗ, ಮೃದುವಾದ ಮೈಕ್ರೋಫೈಬರ್ ಬಟ್ಟೆಗೆ ಚಿಟಿಕೆಯಷ್ಟು ಪಾಲಿಷು ಹಚ್ಚಿ, ಒಂದಡಿ ಚದರದಷ್ಟು ಜಾಗವನ್ನು ಮಾತ್ರ ಉಜ್ಜಬೇಕು. ನಾನು ಬಾಗಿಲ ಕೆಳಗೆ, ಯಾರಿಗೂ ಕಾಣದ ಮೂಲೆಯಲ್ಲಿ ಆರಂಭಿಸಿದೆ. ಬಿಳಿಯ ಬಟ್ಟೆ ನೋಡನೋಡುತ್ತ ನೀಲಿಯಾಯಿತು! ನಮ್ಮಾಕೆ, “ಅಯ್ಯೋ, ಬಣ್ಣವೇ ಕಿತ್ತು ಬಂತಲ್ಲ” ಎಂದು ಕೂಗಿಕೊಂಡಳು. ಗಾಬರಿಯಾಗಬೇಕಾದುದಿಲ್ಲ. ಹಳೆಯ ಕಾರುಗಳಿಗೆ ರಂಗೇ ಮೇಲಿನ ಹೊದಿಕೆ. ಸತ್ತ ಪದರವು ಬಟ್ಟೆಗೆ ಬರುತ್ತದೆ. ಈಚಿನ ಕಾರುಗಳಲ್ಲಿ ರಂಗಿನ ಮೇಲೆ ಗಾಜಿನಂಥ ಪಾರದರ್ಶಕ ಲೇಪವೊಂದಿರುತ್ತದೆ, ಆದ್ದರಿಂದ ಬಟ್ಟೆ ಬಣ್ಣ ಹತ್ತದೆ ಉಳಿಯುತ್ತದೆ. ಆ ಲೇಪವು ಬಿಸಿಲಿಗೆ ಚಕ್ಕೆಯೇಳತೊಡಗಿದ್ದರೆ ಯಾವ ಪಾಲಿಷೂ ನಡೆಯದು, ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ಅರ್ಧ ಗಂಟೆಯ ಹೊತ್ತಿಗೆ ಬಾಗಿಲಿನಲ್ಲಿ ನನ್ನ ಮುಖವೇ ಕಾಣತೊಡಗಿತು. ಈ ಸಂತೋಷವೇ ನನಗೆ ಮುಳುವಾಯಿತು. ನಯವಾದ ಪಾಲಿಷು ಬಹಳ ನಿಧಾನವೆನಿಸಿ, ಅಂಗಡಿಯಿಂದ ಒರಟು ರಬ್ಬಿಂಗ್ ಕಾಂಪೌಂಡಿನ ಡಬ್ಬಿಯನ್ನು ತಂದೆ. ಈ ಕಾರಿಗೆ ಹಿಂಬದಿಯಲ್ಲಿ ಚಿಕ್ಕ ರೆಕ್ಕೆಯಂಥ ಏಣೊಂದಿದೆ. ಅದನ್ನು ಹುರುಪಿನಿಂದ ನಾಲ್ಕಾರು ಸಲ ಉಜ್ಜುವಷ್ಟರಲ್ಲಿ ಹುಣಿಸೆಬೀಜದಷ್ಟು ಅಗಲಕ್ಕೆ, ನೀಲಿಯ ನಡುವೆ, ಬೂದುಬಣ್ಣದ ಪ್ರೈಮರು ಇಣಿಕಿತು.

ಬಡಾವಣೆಯ ಗ್ಯಾರೇಜಿನ ಹಿರಿಯ ಪೇಂಟರನ್ನು ಕರೆತಂದೆ. ಅವರು ಬೆರಳಾಡಿಸಿ ನೋಡಿ, “ಮೇಷ್ಟ್ರೇ, ಉಜ್ಜಿದರೆ ಹೊಳಪು ಬರುತ್ತೆ ಅಂತ ತಿಳ್ಕೊಂಡಿದ್ದೀರಿ. ಉಜ್ಜಿದರೆ ಬಣ್ಣ ಹೋಗುತ್ತೆ. ಹೋದದ್ದು ಸಮನಾಗಿ ಹೋದರೆ ಅದಕ್ಕೇ ಹೊಳಪು ಅಂತಾರೆ” ಎಂದರು. ಎಂ.ಎ. ತರಗತಿಯಲ್ಲಿ ಇಷ್ಟು ಅಚ್ಚುಕಟ್ಟಾದ ವ್ಯಾಖ್ಯೆಯನ್ನು ನಾನು ಕೇಳಿದ್ದು ಅಪರೂಪ. ಕಾರ್ಖಾನೆಯಿಂದ ಬರುವ ಕಾರಿನ ಬಣ್ಣದ ಪದರಗಳೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು, ಅಂದರೆ ನಾವು ಬರೆಯುವ ಕಾಗದದ ಒಂದು ಹಾಳೆಗಿಂತ ಬಹಳ ಹೆಚ್ಚಿಲ್ಲ. ಹೊಸ ಕಾರಿನ ಪಾರದರ್ಶಕ ಲೇಪವಾದರೋ ಅದರಲ್ಲಿ ಮೂರನೆಯ ಒಂದು ಭಾಗದ ಆಸುಪಾಸು. ಪ್ರತಿಸಲದ ಪಾಲಿಷೂ ಬಡ್ಡಿಯಲ್ಲದೆ ಅಸಲಿಗೇ ಕೈಹಾಕುವ ಖರ್ಚು. ಏಣುಗಳಲ್ಲಿ ಬಣ್ಣ ಮೊದಲೇ ತೆಳುವಾಗಿ ಕೂತಿರುತ್ತದೆ, ಉಜ್ಜುವ ಕೈಯ ಭಾರವೂ ಅಲ್ಲಿಯೇ ಬೀಳುತ್ತದೆ. ಅಂಥ ಕಡೆ ಅಂಟುಕಾಗದದ ಪಟ್ಟಿಯನ್ನು ಹಚ್ಚಿಕೊಂಡು ಕೆಲಸ ಮಾಡಬೇಕಂತೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಅಳಿಸುವ ಹಟವೂ ಸಲ್ಲದು.

ಪೇಂಟರು ಹೊರಡುವ ಮುನ್ನ ಇನ್ನೊಂದು ಮಾತು ಹೇಳಿದರು. “ಇದು ನಿಮ್ಮೊಬ್ಬರ ಕೆಲಸ ಅಲ್ಲ ಬಿಡಿ. ಇಲ್ಲಿ ತುಂಬಾ ವರ್ಷದಿಂದ ಯಾರೋ ಉಜ್ಜಿ ಉಜ್ಜಿ ಸವೆಸಿದ್ದಾರೆ.” ಅತ್ತೆಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಅವರು ಕೊನೆಗೆ ಅಲ್ಲಿಗೇ ಬಂದು ಕೂರುತ್ತಿದ್ದದ್ದು” ಎಂದಷ್ಟೇ ಹೇಳಿ ಒಳಗೆ ಹೋದರು.

ಕಾಂಪೌಂಡಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಉಳಿದ ಭಾಗಕ್ಕೆ ನಯವಾದ ಪಾಲಿಷೇ ಸಾಕಾಯಿತು. ನಾಲ್ಕು ಭಾನುವಾರಗಳ ಕೆಲಸ ಎರಡು ವಾರಗಳಲ್ಲಿ ಮುಗಿಯುವುದೆಂತು, ಸಂಜೆಗಳೂ ಅದಕ್ಕೇ ಹೋದವು. ಕೊನೆಯಲ್ಲಿ ಮೇಣ. ಬ್ರೆಜಿಲ್ ದೇಶದ ಈಶಾನ್ಯದ ಒಣನಾಡಿನಲ್ಲಿ ಬೆಳೆಯುವ ತಾಳೆಯ ಜಾತಿಯ ಒಂದು ಮರ, ತನ್ನ ನೀರು ಆರದಿರಲೆಂದು ಎಲೆಗಳ ಮೇಲೆ ಮೇಣವನ್ನು ಸ್ರವಿಸಿಕೊಳ್ಳುತ್ತದೆ. ಕಾರ್ನೌಬ ಎಂಬ ಆ ಮೇಣ ನಮ್ಮ ಪೇಟೆಯ ಪಾಲಿಷು ಡಬ್ಬಿಗಳಲ್ಲೂ ಸಿಗುತ್ತದೆ. ತೆಳುವಾಗಿ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಒರೆಸಬೇಕು. ಇದು ಬಣ್ಣವನ್ನು ತಿನ್ನುವುದಿಲ್ಲ, ಕಾಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಹಚ್ಚಬಹುದು, ಮಳೆಗಾಲದಲ್ಲಿ ಇನ್ನೂ ಬೇಗ. ನೀರು ಮುತ್ತುಗಟ್ಟದೆ ಚಪ್ಪಟೆಯಾಗಿ ಹರಡತೊಡಗಿದರೆ ಮೇಣ ತೀರುತ್ತಬಂದಿದೆ ಎಂದರ್ಥ.

ಹಿಂಬದಿಯಿಡೀ ಹೊಸ ಬಣ್ಣ ಹೊಡೆದುಕೊಡುವುದಾಗಿ ಪೇಂಟರು ಹೇಳಿದ್ದರು. ಅತ್ತೆಯವರು ಒಪ್ಪಲಿಲ್ಲ. ಏಣಿನ ಮೇಲೆ ಸಣ್ಣ ಕುಂಚದಿಂದ ನಾನೇ ಒಂದಿಷ್ಟು ನೀಲಿ ತುಂಬಿದ್ದೇನೆ. ಬಣ್ಣ ಪೂರ್ತಿ ಹೊಂದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. ಆಯುಧಪೂಜೆಯ ದಿನ ಅತ್ತೆಯವರು ಬಾನೆಟ್ಟಿಗೆ ಕುಂಕುಮವಿಟ್ಟು, ಹೂ ಏರಿಸಿ, ಕಾರನ್ನು ಒಂದು ಸುತ್ತು ಬಂದರು. ಹಿಂದುಗಡೆ ಸ್ವಲ್ಪ ಹೊತ್ತು ನಿಂತರು. ಆಮೇಲೆ, “ನಾಳೆ ಕುಂಕುಮ ಒರೆಸುವಾಗ ಒದ್ದೆಬಟ್ಟೆ ತಗೊಳ್ಳಿ” ಎಂದರು.