ಸಮುದಾಯದ ಲೆಕ್ಕಪುಸ್ತಕ ಯಾರ ಕೈಯಲ್ಲಿರಬೇಕು?

ಒಂದೇ ಕಚೇರಿಯಲ್ಲಿ ದುಡಿಯುವವರನ್ನು ಹಾಜರಿ ಪುಸ್ತಕ ಮತ್ತು ಸಂಬಳ ಒಟ್ಟಿಗೆ ಹಿಡಿದಿಡುತ್ತವೆ. ಪರಸ್ಪರ ಮುಖವನ್ನೇ ಕಾಣದ ಸಾವಿರಾರು ಮಂದಿ ಒಂದು ತಂತ್ರಾಂಶಕ್ಕಾಗಿ ದುಡಿಯುವಾಗ ಅವರನ್ನು ಬೆಸೆಯುವುದು ಹಂಚಿಕೊಂಡ ಸಂವಹನ ಮಾಧ್ಯಮ. ಮಾಧ್ಯಮ ಬದಲಾದಂತೆ ಸಮುದಾಯದ ಸ್ವರೂಪವೂ ಬದಲಾಗುತ್ತದೆ ಎಂಬುದಕ್ಕೆ ಲಿನಕ್ಸ್ ಉತ್ತಮ ನಿದರ್ಶನ.

ಆರಂಭ ಮತ್ತು ಬಿಕ್ಕಟ್ಟು

1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾವು ರಚಿಸುತ್ತಿದ್ದ ಕಾರ್ಯಾಚರಣಾ ವ್ಯವಸ್ಥೆಯ ಬಗ್ಗೆ ಯೂಸ್‌ನೆಟ್ ಚರ್ಚಾವೇದಿಕೆಯಲ್ಲಿ ತಿಳಿಸಿ ಸಲಹೆ ಕೋರಿದರು. ಮುಂದೆ ತಿದ್ದುಪಡಿಗಳು ಇ-ಮೇಲ್ ಮೂಲಕ ಬಂದು ಅವರೊಬ್ಬರ ಬಳಿಯೇ ರಾಶಿಯಾಗತೊಡಗಿದವು. ಈ ಹೊರೆ ಇಳಿಸಲು 2002ರಲ್ಲಿ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಅಳವಡಿಸಿಕೊಳ್ಳಲಾಯಿತು. ಕೆಲಸ ಚುರುಕಾಯಿತು, ಆದರೆ ಉಚಿತ ಬಳಕೆಗೆ ಷರತ್ತುಗಳಿದ್ದವು. 2005ರಲ್ಲಿ ವಿವಾದವೊಂದರ ಬಳಿಕ ಆ ಉಚಿತ ಸೌಲಭ್ಯ ಕೊನೆಗೊಂಡಿತು.

ಪ್ರತಿಯೊಬ್ಬರಲ್ಲೂ ಪೂರ್ಣ ಪ್ರತಿ

ಅದೇ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ 'ಗಿಟ್' ತಂತ್ರಾಂಶದ ಮೊದಲ ರೂಪವನ್ನು ಸಿದ್ಧಪಡಿಸಿದರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಪುಸ್ತಕವು ಪ್ರಧಾನ ಕಚೇರಿಯ ಬೀರುವಿನಲ್ಲಿ ಮಾತ್ರ ಇರದೆ, ಪ್ರತಿಯೊಂದು ಶಾಖೆಯಲ್ಲೂ ಮೊದಲ ಪುಟದಿಂದ ಪೂರ್ಣವಾಗಿರುತ್ತದೆ. ಪ್ರತಿ ನಮೂದಿನಲ್ಲಿ ಬರೆದವರ ಹೆಸರು, ದಿನಾಂಕ ಹಾಗೂ ಹಿಂದಿನ ನಮೂದಿಗೆ ಬೆಸೆದ ಗುರುತುಸಂಖ್ಯೆ ಇರುತ್ತದೆ. ಹಳೆಯ ನಮೂದನ್ನು ತಿದ್ದಿದರೆ ಮುಂದಿನ ಗುರುತುಸಂಖ್ಯೆಗಳೆಲ್ಲವೂ ಬದಲಾಗುವುದರಿಂದ, ಬೇರೆ ಪ್ರತಿಗಳೊಡನೆ ತಾಳೆ ನೋಡಿದೊಡನೆ ತಿದ್ದುಪಡಿ ಬಯಲಾಗುತ್ತದೆ.

ಇದರ ಸಾಮಾಜಿಕ ಪರಿಣಾಮ ಗಮನಾರ್ಹ. ಕೆಲಸ ಆರಂಭಿಸಲು ಯಾರ ಅನುಮತಿಯೂ ಬೇಡ. ಅದು ಅಂಗೀಕಾರವಾಗಲು ಮಾತ್ರ ಇತರರ ವಿಶ್ವಾಸ ಬೇಕು. ಅಸಮಾಧಾನಗೊಂಡವರು ಪೂರ್ಣ ಪ್ರತಿಯೊಡನೆ ಬೇರೆಯಾಗಬಹುದಾದ್ದರಿಂದ ನಾಯಕತ್ವವೂ ವಿಶ್ವಾಸದ ಮೇಲೆಯೇ ನಿಲ್ಲಬೇಕಾಗುತ್ತದೆ.

ಆದರೂ ಸಮಸ್ಯೆ ಸಂಪೂರ್ಣವಾಗಿ ಬಗೆಹರಿದಿಲ್ಲ. 2008ರಲ್ಲಿ ಆರಂಭವಾದ ಗಿಟ್‌ಹಬ್ ತಾಣವನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗಳಿಗೆ ಖರೀದಿಸಿತು. ಅಲ್ಲಿ ತಂತ್ರಾಂಶದ ಪ್ರತಿ ಎಲ್ಲರ ಕೈಯಲ್ಲಿದ್ದರೂ, ಅದರ ಸುತ್ತಲಿನ ಚರ್ಚೆ, ದೂರು, ತೀರ್ಮಾನಗಳು ಸಂಸ್ಥೆಯ ಗಣಕಗಳಲ್ಲಿಯೇ ಇರುತ್ತವೆ.

ಉದ್ಯಮಿಗಳಿಗೆ ಪಾಠ

ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ದರ, ರಿಯಾಯಿತಿ, ಸರಬರಾಜಿನ ಒಪ್ಪಂದಗಳು ಎಷ್ಟೋ ವೇಳೆ ನೌಕರರ ಮೊಬೈಲ್ ಸಂದೇಶಗಳಲ್ಲಿಯೇ ಮುಗಿದಿರುತ್ತವೆ. ನೌಕರ ಕೆಲಸ ಬಿಟ್ಟ ದಿನ ಒಪ್ಪಂದದ ಸಾಕ್ಷ್ಯವೂ ಅವನೊಡನೆ ಹೊರಟುಹೋಗುತ್ತದೆ. ಮಾಧ್ಯಮ ಯಾರದೇ ಆಗಿರಲಿ, ದಾಖಲೆಯ ಒಂದು ಪೂರ್ಣ ಪ್ರತಿ ಸಂಸ್ಥೆಯ ಬಳಿ ಇರಲೇಬೇಕು.