ಕಂಬದ ಬುಡದಲ್ಲೊಬ್ಬ ಬಿಸಿಎ

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿ. ವಂಡ್ಸೆ ದಾಟಿದ ಮೇಲೆ ಕಂಬದ ಬುಡದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಕೊಡೆ ನನಗಲ್ಲ, ಸ್ಕೂಟರ್ ಸೀಟಿನ ಮೇಲಿದ್ದ ಯಂತ್ರಕ್ಕೆ. ಟಿಫಿನ್ ಡಬ್ಬಿಯಷ್ಟಿದ್ದ ಅದರ ಹೆಸರು ಫ್ಯೂಷನ್ ಸ್ಪ್ಲೈಸರ್. ಮರ ಬಿದ್ದು ಕೇಬಲ್ ತುಂಡಾಗಿ ಊರ ಸೊಸೈಟಿಯ ವ್ಯವಹಾರ ನಿಂತಿತ್ತು. ಬೆಸೆಯಲು ಬಂದ ಹುಡುಗ ಬಿಸಿಎ ಪದವೀಧರ. "ಹ್ವಾಯ್, ಉಸ್ರ್ ಜೋರ್ ಬಿಡ್ಬೇಡಿ" ಎಂದ.

ಸಿಪ್ಪೆ ಸುಲಿದರೆ ಉಳಿಯುವ ಗಾಜಿನ ಎಳೆ 125 ಮೈಕ್ರಾನ್, ತಲೆಗೂದಲಿನ ಆಸುಪಾಸು. ಬೆಳಕು ಓಡುವುದು ಅದರೊಳಗಿನ 9 ಮೈಕ್ರಾನಿನಲ್ಲಿ. ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರಿನಲ್ಲಿ ಟಿಕ್ಕೆಂದು ತುಂಡರಿಸಿ, ತುದಿಗಳನ್ನು ಎದುರುಬದುರು ಇಟ್ಟ. ಪರದೆಯಲ್ಲಿ ಅವು ಪೈಪುಗಳಷ್ಟು ದಪ್ಪ ಕಂಡವು; ತಾವೇ ಸರಿದು ಒಂದೇ ಗೆರೆಗೆ ಬಂದವು. ಕಿಡಿ ಹಾರಿತು, ಗಾಜು ಗಾಜಿಗೆ ಕರಗಿತು. ಬೆಳಕಿನ ನಷ್ಟ 0.02 ಡಿಬಿ. ಎಳೆಗಳು 12: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ. ಮನೆಗೆ ಬಂದು ನಾನೂ ಎರಡು ದಿನ ಅದನ್ನೇ ಗುನುಗಿದೆ. ಈಗಲೂ ಬೂದು ಮತ್ತು ಬಿಳಿಯ ನಡುವೆ ಎಡವುತ್ತೇನೆ.

ಬ್ಯಾಂಕುಗಳನ್ನು ಹೆತ್ತ ಕರಾವಳಿ ಇದು. 1906ರಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, ಎರಡೂ ಉಡುಪಿಯಲ್ಲೇ. 2020ರಲ್ಲಿ ಎರಡೂ ದೊಡ್ಡ ಬ್ಯಾಂಕುಗಳೊಳಗೆ ಸೇರಿಹೋದವು. ಲೆಡ್ಜರ್ ಬರೆವವನಿಗಿದ್ದ ಮರ್ಯಾದೆ ಕೇಬಲ್ ಬೆಸೆವವನಿಗಿಲ್ಲ. "ಬಿಸಿಎ ಮಾಡ್ಕಂಡ್ ಕಂಬ ಹತ್ತುದಾ ಅಂದೇಳಿ ಮನಿಯಂಗೆ ಬೈತ್ರ್" ಎಂದು ಹುಡುಗ ನಕ್ಕ. ಅದೇ ಮನೆಯವರು ಬ್ಯಾಂಕಿನಲ್ಲಿ 'ಸರ್ವರ್ ಡೌನ್' ಎಂದರೆ ಇಡೀ ದಿನ ಗೊಣಗುತ್ತಾರೆ.

ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, 2015ರಲ್ಲಿ ಭಾರತ್‌ನೆಟ್ ಎಂಬ ಹೆಸರಾಯಿತು. ಎಳೆದದ್ದನ್ನು ಕಾಯುವವರು ಬೇಕಲ್ಲ! ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಪದವೀಧರರಿಗೆ ಇಲ್ಲೇ ಇರುವ ಕೆಲಸ ಅದು: ಒಂದು ಪೋರ್ಟಿನ ಬೆಳಕನ್ನು 32 ಅಥವಾ 64 ಮನೆಗೆ ಹಂಚುವುದು, ಆಸ್ಪತ್ರೆ, ಕಾಲೇಜು, ಹೋಟೆಲುಗಳ ರೌಟರ್ ನೋಡಿಕೊಳ್ಳುವುದು. ಮುಂದೆ ಬೆಂಗಳೂರಿನ ನೆಟ್‌ವರ್ಕ್ ನಿಗಾ ಕೇಂದ್ರಗಳ ರಾತ್ರಿಪಾಳಿ, ಫೈರ್‌ವಾಲ್, ಕ್ಲೌಡ್. ಸಿಸಿಎನ್‌ಎ ಎಂಬ ನೆಟ್‌ವರ್ಕ್ ಪರೀಕ್ಷೆ ಪಾಸು ಮಾಡಿದರೆ ಸಂದರ್ಶನದ ಬಾಗಿಲು ತೆರೆಯುತ್ತದೆ, ನಿಜ. ಆ ಸರ್ಟಿಫಿಕೇಟಿನ ಆಯುಷ್ಯ ಮೂರೇ ವರ್ಷ ಎಂಬುದನ್ನು ಮಾತ್ರ ಕೋಚಿಂಗ್ ಸೆಂಟರುಗಳ 'ಕೆಲಸ ಗ್ಯಾರಂಟಿ' ಬೋರ್ಡುಗಳು ಬರೆಯುವುದಿಲ್ಲ. ಅಂಥ ಬೋರ್ಡು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಸಬ್‌ನೆಟ್ ಲೆಕ್ಕ ಬಾಯಿಪಾಠವಾಗಿದ್ದು ಕೇಬಲ್ ಮುಟ್ಟದವನಿಗಿಂತ, ಒಂದು ಮಳೆಗಾಲ ಈ ದಾರಿಯಲ್ಲಿ ತಿರುಗಿದವನಿಗೇ ನಾನು ಕೆಲಸ ಕೊಟ್ಟೇನು. ಕೊಡಲು ನನ್ನ ಬಳಿ ಕಂಪನಿಯಿಲ್ಲ, ಬೇರೆ ಮಾತು.

ಹನ್ನೆರಡನೆಯ ಎಳೆ ಬೆಸೆದು, ಡಬ್ಬಿ ಮುಚ್ಚಿ, ಹುಡುಗ ಸೊಸೈಟಿಗೆ ಫೋನ್ ಹಚ್ಚಿದ. "ಕೆಂಪ್ ಲೈಟ್ ಹೋಯ್ತಾ? ಹೋಯಿಲ್ಯಾ?"